ಲೆಕ್ಕದಲ್ಲಿ ಒಂದು ವರ್ಷ ಮುಂದೆ: ಯಾರಿಗೆ, ಯಾಕೆ?



ಮಾರ್ಚ್ ಬಂತೆಂದರೆ ನಮ್ಮ ಕನ್ನಡ ತರಗತಿಯ ಹೊರಗೆ ಕಾಯುತ್ತಾ ನಿಂತ ಅಪ್ಪ-ಅಮ್ಮಂದಿರ ಮಾತು ತಾನಾಗಿಯೇ ಒಂದು ಕಡೆಗೆ ತಿರುಗುತ್ತದೆ. "ನಿಮ್ಮವಳು ಮುಂದಿನ ವರ್ಷ ಯಾವ ಮ್ಯಾತ್?" ಮಗು ಐದನೆಯ ಅಥವಾ ಆರನೆಯ ತರಗತಿಯಲ್ಲಿದ್ದರೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಶಾಲೆಯಿಂದ ಪ್ಲೇಸ್‌ಮೆಂಟ್ ಟೆಸ್ಟಿನ ಇಮೇಲ್ ಬಂದಿರುತ್ತದೆ. ಬೇಸಿಗೆ ಕೋರ್ಸುಗಳ ಜಾಹೀರಾತು ಬಂದಿರುತ್ತದೆ. ಯಾರದೋ ಮಗ ಏಳನೆಯ ತರಗತಿಯಲ್ಲೇ ಆಲ್ಜೀಬ್ರಾ ಮುಗಿಸಿದ ಸುದ್ದಿಯೂ ಬಂದಿರುತ್ತದೆ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಮನೆಗೆ ಹೋಗುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ನಾನು ಭಾನುವಾರ ಇಲ್ಲಿ ಕನ್ನಡ ಕಲಿಸುತ್ತೇನೆ, ವಾರದ ದಿನಗಳಲ್ಲಿ ಒಂದು ಮಿಡಲ್ ಸ್ಕೂಲಿನಲ್ಲಿ ಗಣಿತ. ಹಾಗಾಗಿ ಈ ಪ್ರಶ್ನೆ ನನ್ನ ಬಳಿಗೆ ಎರಡು ಬಾಗಿಲಿನಿಂದಲೂ ಬರುತ್ತದೆ. ನಿಂತ ನಿಲುವಿನಲ್ಲಿ ಕೊಡುವ ಉತ್ತರ ಯಾರಿಗೂ ಸಾಲುವುದಿಲ್ಲವೆಂದು ಈ ಬಾರಿ ಬರೆದೇ ಬಿಡುತ್ತಿದ್ದೇನೆ.

ಇತ್ತೀಚೆಗೆ ಊರಿನಿಂದ ಬಂದವರಿಗಾಗಿ ಮೊದಲು ಇಲ್ಲಿನ ಏರ್ಪಾಡು ಹೇಳಬೇಕು. ನಮ್ಮ ಕಡೆ ಏಳನೆಯ ತರಗತಿ ಎಂದರೆ ಇಡೀ ತರಗತಿಗೆ ಒಂದೇ ಗಣಿತ ಪುಸ್ತಕ. ಚುರುಕಿನವರು ಬೇಗ ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ, ಅಷ್ಟೇ. ಕ್ಯಾಲ್ಕುಲಸ್ ಕಾಣುವುದು ಪಿಯುಸಿಯಲ್ಲಿ, ಅದೂ ಗಣಿತ ತೆಗೆದುಕೊಂಡವರಿಗೆ. ಇಲ್ಲಿ ಮಗುವಿನ ತರಗತಿ ಬೇರೆ, ಅದು ಓದುವ ಗಣಿತ ಬೇರೆ. ಸಾಮಾನ್ಯ ಹಾದಿಯಲ್ಲಿ ಒಂಬತ್ತನೆಯ ತರಗತಿಗೆ ಆಲ್ಜೀಬ್ರಾ 1, ಆಮೇಲೆ ಜಿಯೊಮೆಟ್ರಿ, ಆಲ್ಜೀಬ್ರಾ 2, ಹನ್ನೆರಡಕ್ಕೆ ಪ್ರಿಕ್ಯಾಲ್ಕುಲಸ್. (ಕೆಲವು ಡಿಸ್ಟ್ರಿಕ್ಟುಗಳಲ್ಲಿ ಇವನ್ನೇ ಬೆರೆಸಿ ಇಂಟಿಗ್ರೇಟೆಡ್ ಮ್ಯಾತ್ 1, 2, 3 ಎನ್ನುತ್ತಾರೆ.) ಎಂಟರಲ್ಲೇ ಆಲ್ಜೀಬ್ರಾ ಆದರೆ ಒಂದು ವರ್ಷ ಮುಂದೆ; ಹನ್ನೆರಡನೆಯ ತರಗತಿಗೆ ಕ್ಯಾಲ್ಕುಲಸ್ ಸಿಗುತ್ತದೆ. ಏಳರಲ್ಲೇ ಆದರೆ ಎರಡು ವರ್ಷ ಮುಂದೆ. ಹನ್ನೊಂದಕ್ಕೇ ಎಪಿ ಕ್ಯಾಲ್ಕುಲಸ್ ಬಿಸಿ ಮುಗಿಯುತ್ತದೆ. ಹನ್ನೆರಡಕ್ಕೆ ಏನು ಎನ್ನುವುದನ್ನು ಆಮೇಲೆ ನೋಡೋಣ, ಏಕೆಂದರೆ ಆರನೆಯ ತರಗತಿಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಈ ಜಗಳ ನಮ್ಮ ಮನೆಗಳಲ್ಲಿ ಹುಟ್ಟಿದ್ದಲ್ಲ. ನಮ್ಮ ಕ್ಯಾಲಿಫೋರ್ನಿಯಾ 1997ರ ಗಣಿತ ಮಾನದಂಡಗಳಲ್ಲಿ ಎಂಟನೆಯ ತರಗತಿಗೆ ಆಲ್ಜೀಬ್ರಾ ಎಂಬ ಗುರಿ ಇಟ್ಟುಕೊಂಡು ಹತ್ತು-ಹನ್ನೆರಡು ವರ್ಷ ಅದರ ಬೆನ್ನು ಹತ್ತಿತು. ಆಮೇಲೆ ಗಾಳಿ ತಿರುಗಿತು. ಸ್ಯಾನ್ ಫ್ರಾನ್ಸಿಸ್ಕೊ ಡಿಸ್ಟ್ರಿಕ್ಟ್ 2014ರಲ್ಲಿ ಮಿಡಲ್ ಸ್ಕೂಲಿನಿಂದ ಆಲ್ಜೀಬ್ರಾವನ್ನೇ ತೆಗೆದು ಎಲ್ಲರಿಗೂ ಒಂಬತ್ತಕ್ಕೇ ಎಂದಿತು. ಅನುಕೂಲಸ್ಥ ಮನೆಗಳವರು ಹೊರಗೆ ದುಡ್ಡು ಕೊಟ್ಟು ಓದಿಸಿದರು, ಉಳಿದವರಿಗೆ ದಾರಿ ಇಲ್ಲದಂತಾಯಿತು ಎಂಬ ದೂರು ವರ್ಷಗಟ್ಟಲೆ ಎದ್ದಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ಅಲ್ಲಿನ ಮತದಾರರು ಎಂಟಕ್ಕೆ ಆಲ್ಜೀಬ್ರಾ ಮರಳಿ ಬರಲಿ ಎಂದು ಭಾರೀ ಬಹುಮತದಿಂದ ಹೇಳಿದರು. ಅದು ಬರೀ ಸಲಹೆಯ ಮತ, ಅಷ್ಟರಲ್ಲಿ ಶಾಲಾ ಮಂಡಳಿಯೂ ಮನಸ್ಸು ಬದಲಿಸಿತ್ತು. ಒಂದು ತಲೆಮಾರಿನಲ್ಲಿ ಇಷ್ಟು ಸಲ ಹಿಂದೆ ಮುಂದೆ ಆಗಿದೆ ಎಂದರೆ ಪ್ರಶ್ನೆ ಸುಲಭದ್ದಲ್ಲ ಎಂದೇ ಅರ್ಥ.

ಇದರ ಮೇಲೆ ಸಂಶೋಧನೆ ಬೇಕಾದಷ್ಟು ನಡೆದಿದೆ. ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮೊದಲಿಗೆ ಗೊಂದಲವಾಗುತ್ತದೆ.

ಜೂಲಿಯನ್ ಸ್ಟ್ಯಾನ್ಲಿ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಹನ್ನೆರಡು-ಹದಿಮೂರು ವರ್ಷದ ಮಕ್ಕಳಿಗೆ ಕಾಲೇಜು ಪ್ರವೇಶದ ಎಸ್ಎಟಿ ಪರೀಕ್ಷೆ ಕೊಟ್ಟು, ಅದರಲ್ಲಿ ತುಂಬಾ ಮೇಲೆ ಬಂದವರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನ ಅದು. ಆ ಮಕ್ಕಳಿಗೆ ಮುಂದಿನ ಪಾಠ ಬೇಗ ಸಿಕ್ಕಿದ್ದರಿಂದ ಕೇಡೇನೂ ಆಗಲಿಲ್ಲ. ನಡುವಯಸ್ಸಿನಲ್ಲಿ ಅವರ ಮನಸ್ಸಿನ ಆರೋಗ್ಯ ನೋಡಿದಾಗಲೂ ನಾವೆಲ್ಲ ಹೆದರುವ ಯಾವ ಗಾಯವೂ ಕಾಣಲಿಲ್ಲ.

ಇನ್ನೊಂದು ನಾರ್ತ್ ಕ್ಯಾರೊಲೈನಾದ ಷಾರ್ಲಟ್-ಮೆಕ್ಲೆನ್‌ಬರ್ಗ್ ಡಿಸ್ಟ್ರಿಕ್ಟಿನದು. 2000ದ ದಶಕದ ಆರಂಭದಲ್ಲಿ ಅಲ್ಲಿ ಸಾಧಾರಣ ಅಂಕ ಬರುತ್ತಿದ್ದ ಮಕ್ಕಳನ್ನೂ ಒಮ್ಮೆಗೇ ಎಂಟನೆಯ ತರಗತಿಯ ಆಲ್ಜೀಬ್ರಾಕ್ಕೆ ತಳ್ಳಿದರು. ಡ್ಯೂಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕ್ಲಾಟ್ಫೆಲ್ಟರ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಹಾಗೆ ತಳ್ಳಿಸಿಕೊಂಡ ಮಕ್ಕಳು ಆಲ್ಜೀಬ್ರಾ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಮಾತ್ರವಲ್ಲ, ಮುಂದಿನ ಜಿಯೊಮೆಟ್ರಿ, ಆಲ್ಜೀಬ್ರಾ 2ರಲ್ಲೂ ಎಡವಿದ್ದು ಕಂಡಿತು. ನಮ್ಮ ರಾಜ್ಯದ ಎಂಟರ ಆಲ್ಜೀಬ್ರಾ ಅಭಿಯಾನವನ್ನು ನೋಡಿದವರೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದಾರೆ.

ಎರಡೂ ನಿಜ. ಒಂದು, ಆಗಲೇ ಅಲ್ಲಿ ತಲುಪಿದ್ದ ಮಕ್ಕಳ ಕಥೆ. ಇನ್ನೊಂದು, ಅಲ್ಲಿಗೆ ಎತ್ತಿ ಕೂರಿಸಿದ ಮಕ್ಕಳ ಕಥೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೊದಲನೆಯದನ್ನು ಓದಿ ಎರಡನೆಯದನ್ನು ಮಾಡುತ್ತೇವೆ. ನಿಮ್ಮ ಮಗು ಯಾವ ಕಥೆಯದು ಎಂದು ನೋಡಿಕೊಳ್ಳುವುದೇ ಇಲ್ಲಿರುವ ನಿಜವಾದ ಕೆಲಸ, ಅದಕ್ಕೆ ಪ್ಲೇಸ್‌ಮೆಂಟ್ ಟೆಸ್ಟಿನ ಅಂಕ ಒಂದೇ ಸಾಲದು. ಆ ಟೆಸ್ಟಿಗೆಂದೇ ತರಬೇತಿ ಕೊಡುವ ಕಡೆಗಳು ನಮ್ಮ ಸುತ್ತಮುತ್ತ ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಡುಗೆಮನೆಯ ಟೆಸ್ಟು

ಮನೆಯಲ್ಲೇ ನೋಡಬಹುದಾದ ಕೆಲವನ್ನು ಹೇಳುತ್ತೇನೆ. ಪೆನ್ಸಿಲ್ ಕೊಡಬೇಡಿ, ಗಡಿಯಾರ ನೋಡಬೇಡಿ.

ಮುಕ್ಕಾಲನ್ನು ಅರೆಯಿಂದ ಭಾಗಿಸು ಎನ್ನಿ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಜನ "ತಿರುಗಿಸಿ ಗುಣಿಸು" ಎಂದು ಕಣ್ಣು ಮಿಟುಕಿಸುವುದರೊಳಗೆ 3/2 ಎನ್ನುತ್ತಾರೆ. ಸರಿ. ಈಗ "ಈ ಲೆಕ್ಕ ಎಲ್ಲಿ ಬರುತ್ತೆ, ಒಂದು ಕಥೆ ಹೇಳು" ಎನ್ನಿ. ಮುಕ್ಕಾಲು ಲೀಟರ್ ಮಜ್ಜಿಗೆ ಇದೆ, ಅರ್ಧ ಲೀಟರ್ ಬಾಟಲಿಗೆ ತುಂಬಿದರೆ ಒಂದೂವರೆ ಬಾಟಲಿ ಆಗುತ್ತೆ ಎನ್ನುವ ಮಗುವಿಗೆ ಭಾಗಾಕಾರ ಗೊತ್ತು. ಮುಕ್ಕಾಲು ಪಿಜ್ಜಾವನ್ನು ಇಬ್ಬರಿಗೆ ಹಂಚುವ ಕಥೆ ಹೇಳುವ ಮಗುವಿಗೆ ನಿಯಮ ಗೊತ್ತು, ಭಾಗಾಕಾರ ಇನ್ನೂ ಗೊತ್ತಾಗಿಲ್ಲ. ಅದು ಅರ್ಧದಿಂದ ಭಾಗಿಸಿಲ್ಲ, ಎರಡರಿಂದ ಭಾಗಿಸಿದೆ. ಟೆಸ್ಟಿನಲ್ಲಿ ಇಬ್ಬರಿಗೂ ಒಂದೇ ಅಂಕ.

ಐವತ್ತು ಡಾಲರಿನ ಶೂ ಬೆಲೆ ಶೇ. 20 ಏರಿತು, ಆಮೇಲೆ ಶೇ. 20 ಇಳಿಯಿತು. ಈಗೆಷ್ಟು? ಐವತ್ತೇ ಎಂದರೆ ಗದರಬೇಡಿ, "ಯಾವುದರ ಶೇ. 20?" ಎಂದಷ್ಟೇ ಕೇಳಿ ಸುಮ್ಮನಾಗಿ. ತಾನೇ ತಡವರಿಸಿ ಅರವತ್ತಕ್ಕೆ ಹೋಗಿ ನಲವತ್ತೆಂಟಕ್ಕೆ ಇಳಿದರೆ ಖುಷಿಪಡಬೇಕಾದ ವಿಷಯ.

ದೋಸೆಗೆ ಅಕ್ಕಿ ಮೂರು ಕಪ್ಪಿಗೆ ಉದ್ದು ಒಂದು. ಅಕ್ಕಿ, ಉದ್ದು ಸೇರಿ ಒಟ್ಟು ಆರು ಕಪ್ ನೆನೆಹಾಕಬೇಕು, ಯಾವುದು ಎಷ್ಟು? ಇದು ಅನುಪಾತದ ಲೆಕ್ಕ, ಅಮ್ಮಂದಿರು ದಿನಾ ಮಾಡುವಂಥದು.

ಇನ್ನೊಂದನ್ನು ಮಾತ್ರ ಕಾಗದದ ಮೇಲೆ ಬರೆದು ತೋರಿಸಿ: 8 + 4 = ▢ + 5. ಗಣಿತ ಕಲಿಸುವವರ ನಡುವೆ ಇದು ಹೆಸರಾದ ಪ್ರಶ್ನೆ. 12 ಎನ್ನುವ ಮಕ್ಕಳಿಗೆ ಸಮ ಚಿಹ್ನೆ ಎಂದರೆ "ಉತ್ತರ ಬರೆ" ಎಂಬ ಆಜ್ಞೆ. 7 ಎನ್ನುವವರಿಗೆ ಅದು ತಕ್ಕಡಿ. ಬೀಜಗಣಿತವೆಲ್ಲ ನಿಂತಿರುವುದು ಆ ತಕ್ಕಡಿಯ ಮೇಲೆ. ಅದು ಕೈಗೆ ಸಿಗದೆ ಆಲ್ಜೀಬ್ರಾ ತರಗತಿಯಲ್ಲಿ ಕೂತ ಮಗು, ಈ ಕಡೆಯಿಂದ ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ ಎಂಬುದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿ, ಒಂದು ವರ್ಷ ಎ ತೆಗೆದುಕೊಂಡು, ಮೂರನೆಯ ವರ್ಷ ದಿಕ್ಕುತಪ್ಪುತ್ತದೆ. ನಾನು ಕಲಿಸುವ ತರಗತಿಯಲ್ಲಿ ಪ್ರತಿ ವರ್ಷ ಇಂಥ ಮಕ್ಕಳಿರುತ್ತಾರೆ. ಜಾಣರು, ಕೆಲಸಗಳ್ಳರಲ್ಲ. ಅವರ ಭಿನ್ನರಾಶಿಯನ್ನು ಯಾರೋ ಅವಸರದಲ್ಲಿ ಮುಗಿಸಿರುತ್ತಾರೆ.

ಭಿನ್ನರಾಶಿಯ ಮಾತು ಬಂತು, ಒಂದು ವಿಷಯ ಹೇಳದೆ ಇರಲಾರೆ. ಕನ್ನಡದಲ್ಲಿ ಮುಕ್ಕಾಲು ಎಂದರೆ ಮೂರು ಕಾಲು. ಹೆಸರಿನೊಳಗೇ ಲೆಕ್ಕ ಕೂತಿದೆ. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಹೇಳುತ್ತಿದ್ದರು. ಹದಿನಾರನೆಯ ಒಂದು ಪಾಲಿಗೂ ವೀಸ ಎಂಬ ಹೆಸರಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳಿಗೇ ಒಂದು ದೊಡ್ಡ ಭಾಗ ಮೀಸಲು. ನಮ್ಮ ಮೂರನೆಯ ಹಂತದ ಮಕ್ಕಳಿಗೆ ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು ಹೇಳಿಕೊಡುವಾಗ ಗಣಿತವೂ ಆಗಿಹೋಗುತ್ತದೆ. ಇರಲಿ, ಮತ್ತೆ ವಿಷಯಕ್ಕೆ ಬರೋಣ.

ಬೇಸರಪಡುವ ಮಗು

ಮೇಲಿನದನ್ನು ಓದಿ, ಮುಂದೆ ಕಳಿಸುವುದೇ ತಪ್ಪು ಎಂದು ಈ ಮೇಡಂ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಗೊತ್ತಿರುವುದನ್ನೇ ವರ್ಷವಿಡೀ ಕೇಳುತ್ತಾ ಕೂರುವುದು ಮಗುವಿಗೆ ಸಣ್ಣ ಶಿಕ್ಷೆಯಲ್ಲ. ಅಂಥ ಮಗು ಕಲಿಯುವುದು ಒಂದೇ: ಗಣಿತ ಎಂದರೆ ಕಷ್ಟಪಡದೆ ಬರುವಂಥದು. ಹದಿನೆಂಟನೆಯ ವಯಸ್ಸಿನಲ್ಲಿ, ಕಾಲೇಜಿನ ಹಾಸ್ಟೆಲಿನಲ್ಲಿ, ಮೊದಲ ಬಾರಿಗೆ ಬಾರದ ಲೆಕ್ಕವೊಂದು ಎದುರಾದಾಗ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಇದರಿಂದ ಕುಸಿದವರನ್ನು ನಾನು ಬಲ್ಲೆ.

ಕೆಲವು ವರ್ಷದ ಹಿಂದೆ ನಮ್ಮ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಾಗುಣಿತ ಬರೆಸುತ್ತಿದ್ದರೆ, "ಆಂಟಿ, ಹದಿನಾರು ಸ್ವರಚಿಹ್ನೆ ಇದ್ದು ಮೂವತ್ತನಾಲ್ಕು ವ್ಯಂಜನ ಇದ್ದರೆ ಒಟ್ಟು ಎಷ್ಟಾಯಿತು, ಒತ್ತಕ್ಷರ ಸೇರಿಸಿದರೆ ಎಷ್ಟಾಗುತ್ತೆ" ಎಂದು ಎದ್ದು ನಿಲ್ಲುತ್ತಿದ್ದ. ಅಂಕಿಗಳನ್ನು ಕೂಡಿಸಿದಾಗ ಬರುವ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಯಾಕೆ ಹಾಗೆ ಎಂದು ಅವನೇ ಒಂದು ವಾರ ಕೂತು ಕಂಡುಕೊಂಡಿದ್ದ. ಅವನ ತಾಯಿ ಹಿಂಜರಿಯುತ್ತಾ ಎರಡು ವರ್ಷ ಮುಂದಿನ ಹಾದಿಯ ಬಗ್ಗೆ ಕೇಳಿದಾಗ, ಕಳಿಸಿ ಎಂದೆ. ಅವನನ್ನು ತಡೆದಿದ್ದರೆ ಅನ್ಯಾಯವಾಗುತ್ತಿತ್ತು. ನನ್ನ ಮಗಳದು ಬೇರೆ ಸ್ವಭಾವ. ಲೆಕ್ಕ ಚೆನ್ನಾಗಿ ಮಾಡುತ್ತಾಳೆ, ಮುಗಿದ ಮೇಲೆ ಅದರ ಯೋಚನೆ ಮಾಡುವುದಿಲ್ಲ. ಅವಳು ಒಂದು ವರ್ಷ ಮುಂದಿನ ಹಾದಿಯಲ್ಲಿದ್ದಾಳೆ, ಆರಾಮಾಗಿದ್ದಾಳೆ. ಇಬ್ಬರೂ ಒಂದೇ ಟೆಸ್ಟಿನಲ್ಲಿ ಹೆಚ್ಚು ಕಡಿಮೆ ಒಂದೇ ಅಂಕ ತೆಗೆದವರು.

ಮುಂದೆ ಹೋಗುವುದರಲ್ಲೂ ಎರಡು ಬಗೆ ಇದೆ, ಇದನ್ನು ದಯವಿಟ್ಟು ಗಮನಿಸಿ. ಒಂದು, ಮೂರು ವರ್ಷದ ಪಾಠವನ್ನು ಎರಡು ವರ್ಷಕ್ಕೆ ಅಡಕ ಮಾಡಿ ಶಾಲೆಯೇ ಕಲಿಸುವುದು. ವೇಗ ಹೆಚ್ಚು, ಆದರೆ ಯಾವ ಪಾಠವೂ ಬಿಟ್ಟುಹೋಗುವುದಿಲ್ಲ. ಇನ್ನೊಂದು, ಐದಾರು ವಾರದ ಬೇಸಿಗೆ ಕೋರ್ಸು ಮಾಡಿ ಒಂದು ಇಡೀ ವರ್ಷವನ್ನು ಹಾರಿ ದಾಟುವುದು. ಕಾಮನ್ ಕೋರ್ ಬಂದ ಮೇಲೆ ಎಂಟನೆಯ ತರಗತಿಯ ಗಣಿತ ಹಿಂದಿನ ಎಂಟರ ಗಣಿತವಲ್ಲ. ಸರಳರೇಖೆಯ ಸಮೀಕರಣ, ಸ್ಲೋಪ್, ಫಂಕ್ಷನ್, ಹಿಂದೆ ಆಲ್ಜೀಬ್ರಾ 1ರಲ್ಲಿದ್ದ ಎಷ್ಟೋ ವಿಷಯ ಈಗ ಅಲ್ಲಿದೆ. ಏಳರಲ್ಲಿ ಅನುಪಾತ, ಶೇಕಡಾ, ಋಣಸಂಖ್ಯೆ. ಇವನ್ನು ಹಾರಿದ ಮಗು ಸಮಯ ಉಳಿಸಿದಂತೆ ಕಾಣುತ್ತದೆ. ನನ್ನನ್ನು ಕೇಳಿದರೆ ಮೊದಲನೆಯದಕ್ಕೆ ಧಾರಾಳವಾಗಿ ಹೂಂ ಎನ್ನುತ್ತೇನೆ, ಎರಡನೆಯದಕ್ಕೆ ತೀರಾ ಅಪರೂಪಕ್ಕೆ.

ಇನ್ನು ಹನ್ನೆರಡನೆಯ ತರಗತಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕೇಳುವುದು ಮೂರು ವರ್ಷದ ಗಣಿತ, ಶಿಫಾರಸು ಮಾಡುವುದು ನಾಲ್ಕು. ಏಳು-ಎಂಟರಲ್ಲಿ ಓದಿದ ಆಲ್ಜೀಬ್ರಾ, ಜಿಯೊಮೆಟ್ರಿ ಆ ಲೆಕ್ಕಕ್ಕೆ ಸೇರುತ್ತವೆ. ಆದರೆ ಅವರು ಜಿಪಿಎ ಲೆಕ್ಕ ಹಾಕುವುದು ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಕೋರ್ಸುಗಳಿಂದ. ಎರಡು ವರ್ಷ ಮುಂದಿನ ಮಗುವಿಗೆ ಸರಿಯಾಗಿ ಅದೇ ಎರಡು ವರ್ಷಗಳಲ್ಲಿ ಪ್ರಿಕ್ಯಾಲ್ಕುಲಸ್ ಮತ್ತು ಕ್ಯಾಲ್ಕುಲಸ್ ಬಿಸಿ ಬಂದು ಕೂರುತ್ತವೆ. ಬಲವಾದ ಮಗುವಿಗೆ ಇದು ಲಾಭವೇ, ಎಪಿಗೆ ಒಂದು ಅಂಕ ಹೆಚ್ಚೂ ಸಿಗುತ್ತದೆ. ಏದುಸಿರು ಬಿಡುತ್ತಾ ಅಲ್ಲಿಗೆ ಬಂದ ಮಗುವಿಗೆ, ಎಲ್ಲರೂ ನೋಡುವ ವರ್ಷಗಳಲ್ಲೇ ಬಿ, ಸಿ ಬೀಳುತ್ತದೆ. ಹನ್ನೆರಡಕ್ಕೆ ಶಾಲೆಯಲ್ಲಿ ಗಣಿತವೇ ಮುಗಿದಿದ್ದರೆ ಎಪಿ ಸ್ಟ್ಯಾಟಿಸ್ಟಿಕ್ಸ್ ಒಂದು ದಾರಿ, ಕಮ್ಯುನಿಟಿ ಕಾಲೇಜಿನ ಮಲ್ಟಿವೇರಿಯೇಬಲ್ ಕ್ಯಾಲ್ಕುಲಸ್ ಇನ್ನೊಂದು. ಅದಕ್ಕೆ ಸಮಯ ಹೊಂದುತ್ತದೆಯೇ, ಸಂಜೆ ಯಾರು ಕರೆದುಕೊಂಡು ಹೋಗುತ್ತಾರೆ, ಇವು ಆರನೆಯ ತರಗತಿಯಲ್ಲೇ ಕೇಳಬೇಕಾದ ಪ್ರಶ್ನೆಗಳು.

ಕಾಲೇಜಿನಲ್ಲಿ ಗಣಿತ ಕಲಿಸುವವರ ಅಭಿಪ್ರಾಯವೂ ತಿಳಿದಿರಲಿ. ಅಮೆರಿಕದ ಗಣಿತ ಸಂಘ ಎಂಎಎ ಮತ್ತು ಶಾಲಾ ಗಣಿತ ಶಿಕ್ಷಕರ ಮಂಡಳಿ ಎನ್‌ಸಿಟಿಎಂ 2012ರಲ್ಲಿ ಜೊತೆಯಾಗಿ ಒಂದು ಹೇಳಿಕೆ ಹೊರಡಿಸಿದವು. ಹನ್ನೆರಡರೊಳಗೆ ಕ್ಯಾಲ್ಕುಲಸ್ ಮುಟ್ಟಿಸುವುದೇ ಶಾಲಾ ಗಣಿತದ ಕೊನೆಯ ಗುರಿಯಾಗಬಾರದು, ಮುಂದೆ ಏನನ್ನು ಓದಲೂ ಆಧಾರವಾಗುವ ಬುನಾದಿ ಮುಖ್ಯ ಎಂಬುದು ಅದರ ಸಾರ. ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಮಾಡಿದ ಮಕ್ಕಳಲ್ಲಿ ಬಹಳಷ್ಟು ಜನ ಕಾಲೇಜಿನಲ್ಲಿ ಅದನ್ನೇ ಮತ್ತೆ ಮೊದಲಿನಿಂದ ಓದುತ್ತಾರೆ ಎನ್ನುವುದು ಅವರ ಚಿಂತೆ.

ಮುಂದೆ ಓಡದೆಯೂ ಚುರುಕಿನ ಮಗುವಿಗೆ ಹಸಿವು ನೀಗುತ್ತದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಟ್ಟು ಆರೇ ಲೆಕ್ಕ. ಅದರಲ್ಲಿ ಯಾವುದಕ್ಕೂ ಕ್ಯಾಲ್ಕುಲಸ್ ಬೇಕಾಗಿಲ್ಲ. ಸಂಖ್ಯೆ, ರೇಖಾಗಣಿತ, ಬೀಜಗಣಿತ, ಎಣಿಕೆ ಇಷ್ಟೇ. ಎಂಟನೆಯವರೆಗಿನ ಮಕ್ಕಳಿಗಾಗಿರುವ ಎಎಂಸಿ 8ರಲ್ಲಿ 40 ನಿಮಿಷಕ್ಕೆ 25 ಪ್ರಶ್ನೆ. ಅದರ ಹಳೆಯ ಪತ್ರಿಕೆಯ ಕೊನೆಯ ಐದನ್ನು ಗಡಿಯಾರವಿಲ್ಲದೆ ಕೊಟ್ಟು ನೋಡಿ. ಮುಂದಿನ ತರಗತಿಯ ಪಾಠವೇನೂ ಅದಕ್ಕೆ ಬೇಡ, ಆದರೆ ಒಂದು ಶನಿವಾರ ಪೂರ್ತಿ ಬೇಕಾಗಬಹುದು. ಮಗು ಬಿಡದೆ ಕೂತರೆ ನಿಮಗೆ ಬೇಕಾದ ಉತ್ತರದಲ್ಲಿ ಅರ್ಧ ಅಲ್ಲೇ ಸಿಕ್ಕಿತು.

ಇಲ್ಲಿ ನನ್ನ ಸ್ವಾರ್ಥವೂ ಒಂದಿದೆ. ಐದನೆಯ ತರಗತಿಯವರೆಗೆ ನಮ್ಮ ಭಾನುವಾರದ ಕೋಣೆ ತುಂಬಿರುತ್ತದೆ, ಆರಕ್ಕೆ ಬಂದರೆ ಕುರ್ಚಿಗಳು ಖಾಲಿಯಾಗುತ್ತವೆ. "ಮ್ಯಾತ್ ಕ್ಲಾಸ್ ಅದೇ ಟೈಮಿಗೆ ಬಿದ್ದಿದೆ ಮೇಡಂ" ಎಂಬ ಮೆಸೇಜ್ ಆಗಸ್ಟಿನಲ್ಲಿ ಬರುತ್ತದೆ. ಅಜ್ಜಿಯ ಜೊತೆ ಫೋನಿನಲ್ಲಿ ನಾಲ್ಕು ವಾಕ್ಯ ಸರಾಗವಾಗಿ ಆಡುವ ಹಂತಕ್ಕೆ ಮಗು ಬಂದಿರುವುದೂ ಆಗಲೇ. ಆಲ್ಜೀಬ್ರಾ ಮುಂದಿನ ವರ್ಷವೂ ಸಿಗುತ್ತದೆ. ಎರಡಕ್ಕೂ ಜಾಗವಿರುವ ವಾರ ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ; ನನ್ನ ಮಾತನ್ನು ಸ್ವಲ್ಪ ತಗ್ಗಿಸಿಯೇ ಓದಿಕೊಳ್ಳಿ.

ಈಗ ಫಾರ್ಮ್ ಮುಂದಿಟ್ಟುಕೊಂಡು ಕೂತವರಿಗೆ: ಮೊದಲು ಮಗುವಿನ ಗಣಿತ ಶಿಕ್ಷಕರನ್ನು ಭೇಟಿ ಮಾಡಿ. ಟೀಚರಿಗೆ ತೊಂದರೆ ಕೊಡಬಾರದು ಎಂಬ ನಮ್ಮ ಊರಿನ ಸಂಕೋಚ ಇಲ್ಲಿ ಬೇಡ. "ಯಾವ ಟ್ರ್ಯಾಕು?" ಎನ್ನುವ ಬದಲು, "ಬಾರದ ಲೆಕ್ಕ ಎದುರಾದಾಗ ಇವಳು ಏನು ಮಾಡುತ್ತಾಳೆ?" ಎಂದು ಕೇಳಿ. ವರ್ಷದ ನಡುವೆ ಕಷ್ಟವಾದರೆ ಹಿಂದಿನ ಹಾದಿಗೆ ಬರಲು ಸಾಧ್ಯವೇ, ಎಷ್ಟು ವಾರದೊಳಗೆ ಹೇಳಬೇಕು, ಅದನ್ನೂ ಕೇಳಿ. ಒಂಬತ್ತನೆಯ ತರಗತಿಗೆ ಸೇರುವವರಿಗೆ ನಮ್ಮ ರಾಜ್ಯದಲ್ಲಿ 2015ರ ಕಾನೂನಿನ ಬಲವೂ ಇದೆ: ಗಣಿತದ ಪ್ಲೇಸ್‌ಮೆಂಟ್‌ಗೆ ಡಿಸ್ಟ್ರಿಕ್ಟ್ ಬರವಣಿಗೆಯ ನಿಯಮ ಇಟ್ಟಿರಬೇಕು, ಒಂದೇ ಟೆಸ್ಟಿನ ಮೇಲೆ ನಿಲ್ಲಬಾರದು, ಶಾಲೆ ಶುರುವಾದ ಮೊದಲ ತಿಂಗಳೊಳಗೆ ಒಮ್ಮೆ ಮರುಪರಿಶೀಲಿಸಬೇಕು, ಒಪ್ಪದ ಪೋಷಕರಿಗೆ ಕೇಳಿಕೊಳ್ಳಲು ದಾರಿ ಇರಬೇಕು.

ಮಗುವಿಗೆ ಬಯಸಿದ ತರಗತಿ ಸಿಗಲಿಲ್ಲ ಎಂಬ ಪತ್ರ ಬಂದರೆ, ಮೇಲ್ಮನವಿ ಬರೆಯುವ ಮುಂಚೆ ಉತ್ತರ ಪತ್ರಿಕೆ ತೋರಿಸಲು ಕೇಳಿ. ತೋರಿಸದಿದ್ದರೆ ಯಾವ ವಿಷಯಗಳಲ್ಲಿ ಅಂಕ ಹೋಯಿತು ಎಂದಾದರೂ ತಿಳಿದುಕೊಳ್ಳಿ. ಅವಸರದ ತಪ್ಪುಗಳಾಗಿದ್ದರೆ ಬರೆಯಿರಿ. ಅನುಪಾತ, ಭಿನ್ನರಾಶಿಗಳಲ್ಲೇ ಹೋಗಿದ್ದರೆ ಈ ಬೇಸಿಗೆ ಅದಕ್ಕಿರಲಿ. ದೋಸೆಗೆ ನೆನೆಹಾಕುವ ದಿನ ಅಳತೆಯ ಕಪ್ ಅವಳ ಕೈಗೆ ಕೊಟ್ಟು ಅಕ್ಕಿ ಎಷ್ಟು, ಉದ್ದು ಎಷ್ಟು ಎಂದು ಅವಳನ್ನೇ ಕೇಳಿ.